ಭಾಗ 6: ಒಂದು ಝರಾಕ್ಸ್ ಉಳಿಸಿದ 6,000 ರೂಪಾಯಿ

ದೋಸ್ತ್ರ, ಫೋಟೋದಾಗಿರೋ ಆ ಸಣ್ಣ ಕಾಗದ ನೋಡ್ರಿ. ಅಕ್ಷರ ಓದಾಕ ಬರ್ತಾವೇನು? ನನಗೂ ಬರಲಿಲ್ಲ. ಅದರ ಕತಿ ಹೇಳ್ತೀನಿ.

ನಮ್ಮ ಬಿಕಾಂ ನೋಟ್ಸ್ ಎಲ್ಲಾ ಪಿಡಿಎಫ್ ಅಂತ ನಿಮಗ ಗೊತ್ತೇ ಐತಿ. ಇನ್‌ಕಮ್ ಟ್ಯಾಕ್ಸ್, ಕಾಸ್ಟ್ ಅಕೌಂಟಿಂಗ್, ಹಳೇ ಪ್ರಶ್ನೆಪತ್ರಿಕೆ, ಎಲ್ಲಾ ವಾಟ್ಸಾಪ್ ಗ್ರೂಪಿನ್ಯಾಗ. ರಾತ್ರಿ ಮೊಬೈಲ್ ಹಿಡಿದು ಕುಂತ್ರ ಕಣ್ಣು ಉರಿತಾವು, ಹತ್ತು ನಿಮಿಷಕ್ಕ ಬೆರಳು ರೀಲ್ಸ್ ಕಡೆ ಹೋಗ್ತೈತಿ. ಅದಕ್ಕ ಇ-ಇಂಕ್ ರೀಡರ್ ತಗೋಬೇಕು ಅಂತ ತಲ್ಯಾಗ ಹೊಕ್ಕಿತು.

ಅದರ ಪರದೆಯೊಳಗ ಕೂದಲಿನಷ್ಟು ಸಣ್ಣ ಗುಳಿಗೆ ಇರ್ತಾವು, ಅದರಾಗ ಕಪ್ಪು-ಬಿಳಿ ಕಣ. ಕರೆಂಟ್ ಕೊಟ್ಟಾಗ ಒಂದು ಬಣ್ಣ ಮೇಲೆ ಬಂದು ಹಂಗೇ ನಿಲ್ತೈತಿ. ಪುಟ ಬದಲಾದಾಗ ಅಷ್ಟೇ ಕರೆಂಟ್ ಬೇಕು. ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರ್ತೈತಿ, ಬಿಸಿಲಿನ್ಯಾಗೂ ಅಕ್ಷರ ಕಾಣ್ತಾವು.

ಬಾಗಲಕೋಟೆಯಾಗ ಒಬ್ರು 6 ಇಂಚಿನ ಹಳೇ ರೀಡರ್ 6,000ಕ್ಕ ಕೊಡ್ತೀನಿ ಅಂದ್ರು. ಅವ್ವ ಹಾಲು ಮಾರಿ ಕೂಡಿಟ್ಟ ರೊಕ್ಕ ಕೈಯಾಗ ಇಟ್ಲು. ಓಣಿ ತುಂಬ "ನನ್ನ ಮಗ ಓದೋ ಮಷೀನ್ ತರ್ತಾನ" ಅಂತ ಹೇಳಿ ಬಂದಿದ್ಲು.

ಹೊರಡೋ ಹಿಂದಿನ ದಿನ ಲೆಕ್ಕ ಹಾಕಿದೆ. ಎ4 ಹಾಳೆ ಅಗಲ 210 ಮಿ.ಮೀ. 6 ಇಂಚಿನ ಪರದೆ ಅಗಲ ಸುಮಾರು 91. ಅಂದ್ರ ಪುಟ ಶೇ. 43ಕ್ಕ ಇಳಿತೈತಿ, 12 ಪಾಯಿಂಟ್ ಅಕ್ಷರ 5 ಆಗ್ತೈತಿ. ನಂಬಿಕೆ ಬರಲಿಲ್ಲ. ಊರಾಗಿನ ಝರಾಕ್ಸ್ ಅಂಗಡಿಗೆ ಹೋಗಿ ಕಾಸ್ಟ್ ಶೀಟಿನ ಒಂದು ಪುಟ ಶೇ. 43ಕ್ಕ ಇಳಿಸಿ ತೆಗಿಸಿದೆ. ಅದೇ ಈ ಫೋಟೋ.

ಅಕ್ಷರ ದೊಡ್ಡದು ಮಾಡಬಹುದಲ್ಲ ಅಂತೀರಿ. ಕತಿ ಪುಸ್ತಕದ ಇಪಬ್ ಫೈಲ್ ಆದ್ರ ಆರಾಮ ಆಗ್ತೈತಿ. ಪಿಡಿಎಫ್ ಅಚ್ಚು ಹಾಕಿದ ಹಾಳೆ ಇದ್ದಂಗ, ಸಾಲು ಅಲ್ಲೇ ಕೂತಿರ್ತಾವು. ಬದಲಿಸಾಕ ಹೋದ್ರ ಡೆಬಿಟ್ ಒಂದು ಕಡೆ, ಕ್ರೆಡಿಟ್ ಇನ್ನೊಂದು ಕಡೆ. ಹಳೇ ನುಡಿ ಫಾಂಟಿನ ಕನ್ನಡ ನೋಟ್ಸ್ ಅಂತೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಆಗಿಬಿಡ್ತಾವು. ಪರದೆ ಅಡ್ಡ ಹಿಡಿದು ಅಂಚು ಕತ್ತರಿಸಿದ್ರ 9 ಪಾಯಿಂಟ್ ತನಕ ಬರ್ತೈತಿ, ಆದ್ರ ಒಂದು ಪುಟಕ್ಕ ಎರಡು-ಮೂರು ಸಲ ಸರಿಸಬೇಕು. ನಮ್ಮ ಕೆಲಸಕ್ಕ 10 ಇಂಚಿಂದೇ ಬೇಕು. ಅದು ಸದ್ಯಕ್ಕ ನನ್ನ ಕೈಗೆ ಎಟುಕೋದಲ್ಲ.

ಅವ್ವಗ ಹೇಳೋದೇ ಕಷ್ಟ ಆತು. ಮಾತಾಡದ ಆ ಕಾಗದ ಕೈಯಾಗ ಕೊಟ್ಟೆ. ಕಣ್ಣ ಹತ್ರ ಹಿಡಿದು ನೋಡಿ, "ಇದನ್ನ ಇರುವಿ ಓದಬೇಕಪಾ" ಅಂದ್ಲು. ರೊಕ್ಕ ವಾಪಸ್ ಡಬ್ಬಿ ಸೇರಿತು.

ಈಗ ಟೇಬಲ್ ಇರೋ ಪುಟ ಅಷ್ಟೇ ಪ್ರಿಂಟ್ ತೆಗಿಸೀನಿ. ಉಳಿದದ್ದು ಮೊಬೈಲಿನ್ಯಾಗ, ನೆಟ್ ಆಫ್ ಮಾಡಿ. ಕಣ್ಣು ಇನ್ನೂ ಉರಿತಾವು, ಸುಳ್ಳು ಹೇಳಂಗಿಲ್ಲ.

ಬರೀ ಕಾದಂಬರಿ ಓದೋರಾದ್ರ 6 ಇಂಚು ತಗೋರಿ, ಚಲೋ ಐತಿ. ನೋಟ್ಸ್ ಸಲುವಾಗಿ ಆದ್ರ ಮೊದಲು ಝರಾಕ್ಸ್ ಅಂಗಡಿಗೆ ಹೋಗ್ರಿ. ಸೇವ್ ಮಾಡಿಟ್ಕೊಳ್ರಿ, ತಗೋಬೇಕು ಅಂತಿರೋ ದೋಸ್ತಗ ಕಳಸ್ರಿ. ನಿಮ್ಮ ಓದು ಯಾತರ ಮ್ಯಾಲೆ ನಡದೈತಿ, ಕಮೆಂಟಿನ್ಯಾಗ ಹೇಳ್ರಿ.