ತಾಯಿಯ ಕಡೆಯಿಂದ ಬರುವ ಒಂದು ಕಣ್ಣಿನ ಬೇನೆ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಏಳಿಗೆಯ ವಿಷಯವಾಗಿ ನಾಲ್ಕು ಮಾತು ಬರೆಯುವದು ವಾಡಿಕೆಯಾಗಿದೆ. ಪರೀಕ್ಷೆಯ ಫಲಿತಾಂಶ, ಹೊಸ ಕೋಣೆಗಳು, ದಾನಿಗಳ ಉಪಕಾರ, ಇವೆಲ್ಲವೂ ವರದಿಯಲ್ಲಿ ಅಚ್ಚಾಗಿರುವದರಿಂದ ಅವನ್ನೇ ಮತ್ತೆ ಹೇಳುವ ಅಗತ್ಯ ನಮಗೆ ತೋರಲಿಲ್ಲ. ಕಳೆದ ಎರಡು ವರುಷಗಳಿಂದ ನಮ್ಮ ಮನಸ್ಸನ್ನು ಹಿಡಿದಿರುವ ಬೇರೊಂದು ಸಂಗತಿಯುಂಟು. ಅದು ವೈದ್ಯಶಾಸ್ತ್ರಕ್ಕೆ ಸೇರಿದ್ದಾದರೂ ಹೆಣ್ಣುಮಕ್ಕಳನ್ನು ಹೆತ್ತವರೂ ಅವರನ್ನು ಓದಿಸುವವರೂ ತಿಳಿದಿರತಕ್ಕದ್ದೆಂದು ಎಣಿಸಿ ಬರೆಯುತ್ತಿದ್ದೇವೆ.

ಯಾಪಲದಿನ್ನಿಯ ಒಬ್ಬ ಹುಡುಗಿ ನಮ್ಮ ವಸತಿಗೃಹದಲ್ಲಿದ್ದುಕೊಂಡು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಹೆಸರು ಹೇಳುವದು ಯುಕ್ತವಲ್ಲ. ಅವಳ ಅಣ್ಣನು ಹತ್ತೊಂಬತ್ತು ವರುಷದವನು. ಹತ್ತಿಯ ವ್ಯಾಪಾರಿಯೊಬ್ಬನಲ್ಲಿ ತೂಕ ಬರೆಯುವ ಕೆಲಸಕ್ಕಿದ್ದನು. ಒಂದು ದಿನ ಕಾಟಾದ ಮೇಲಿನ ಅಂಕಿಗಳು ಒಂದು ಕಣ್ಣಿಗೆ ಮಂಜಾದವು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವದಿಲ್ಲ. ಮೂರು ತಿಂಗಳೊಳಗೆ ಇನ್ನೊಂದು ಕಣ್ಣಿಗೂ ಹಾಗೆಯೇ ಆಯಿತು. ಎದುರಿಗೆ ನಿಂತ ತಾಯಿಯ ಮೋರೆಯ ನಡುವೆ ಹೊಗೆ ಕವಿದಂತಾಗಿ, ಅಂಚಿನಲ್ಲಿ ಅವರ ಕಿವಿಯೋಲೆಗಳು ಮಾತ್ರ ಕಾಣಿಸುತ್ತಿದ್ದವಂತೆ. ಕನ್ನಡಕಗಳನ್ನು ಬದಲಿಸಿ ನೋಡಿದರು, ಗುಣ ಕಾಣಲಿಲ್ಲ. ಕಾಲುದಾರಿಯಲ್ಲಿ ಎಡವದೆ ನಡೆಯುವವನು ಅಂಕಿ ಕಾಣುವದಿಲ್ಲವೆಂದರೆ ಯಾರು ನಂಬುವರು? ಕೆಲಸಗಳ್ಳನೆಂದು ಕೆಲವರೂ ಯಾರೋ ಮದ್ದು ಹಾಕಿದ್ದಾರೆಂದು ಕೆಲವರೂ ಅಂದರು. ಕೊನೆಗೆ ಹೈದರಾಬಾದಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಗಿ ಬೇನೆಯ ಹೆಸರು ಗೊತ್ತಾಯಿತು. ಆ ಕಾಗದವು ಇಂಗ್ಲಿಷಿನಲ್ಲಿದ್ದುದರಿಂದ ತಾಯಿಯು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಬಳಿಗೆ ತಂದರು.

“ಅಕ್ಕೋರೇ, ನನ್ನ ಹೊಟ್ಟ್ಯಾಗಿಂದಾನ ಬಂದದ ಅಂತಾರ್ರೀ. ನಾ ಏನ್ ಪಾಪ ಮಾಡೀನ್ರೀ?” ಎಂದು ಅವರು ಕೇಳಿದರು. ಆಸ್ಪತ್ರೆಯಲ್ಲಿ ಯಾರೋ ಒಬ್ಬರು ಇದು ತಾಯಿಯಿಂದ ಬರುವ ಬೇನೆಯೆಂದು ಹೇಳಿದ್ದರು. ಜೊತೆಗೆ ಹೋಗಿದ್ದ ಅತ್ತೆಯವರು ಅಷ್ಟನ್ನೇ ಹಿಡಿದುಕೊಂಡು ಊರಿಗೆ ತಂದಿದ್ದರು. ಇಂಥಾ ಸುದ್ದಿಯಲ್ಲಿ ಮೊದಲಿನ ಒಂದು ಮಾತನ್ನು ಕೇಳಿ, ಮುಂದಿನದನ್ನು ಕೇಳದೆ ಎದ್ದುಹೋಗುವವರೇ ಬಹಳ.

ಆ ಮುಂದಿನ ಮಾತನ್ನು ತಿಳಿದುಕೊಳ್ಳುವದಕ್ಕಾಗಿ ನಾವು ಸಾಕಷ್ಟು ಓದಬೇಕಾಯಿತು, ತಿಳಿದವರನ್ನು ಕೇಳಬೇಕಾಯಿತು. ನಮಗೆ ತಿಳಿದಷ್ಟನ್ನು ಹೇಳುತ್ತೇವೆ.

ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಎಳೆಗಳಿರುತ್ತವೆ. ಅವು ಬಾಡಿದರೆ ಕಣ್ಣಿನ ಮಸೂರವು ಎಷ್ಟು ತಿಳಿಯಾಗಿದ್ದರೂ ಪ್ರಯೋಜನವಿಲ್ಲ. ಆದಕಾರಣ ಕನ್ನಡಕವೂ ಪೊರೆಯ ಶಸ್ತ್ರಚಿಕಿತ್ಸೆಯೂ ಇಲ್ಲಿ ನಿರುಪಯೋಗಿಗಳು. ಮನೆತನದಲ್ಲಿ ಹರಿದುಬರುವ ಈ ಬೇನೆಯನ್ನು ಜರ್ಮನಿಯ ನೇತ್ರವೈದ್ಯರಾದ ಥಿಯೋಡೋರ್ ಲೇಬರರು 1871ರಲ್ಲಿ ವಿಸ್ತಾರವಾಗಿ ವರ್ಣಿಸಿದರು. ಇದು ಬಹುಮಟ್ಟಿಗೆ ಹದಿನೈದರಿಂದ ಮೂವತ್ತೈದು ವಯಸ್ಸಿನೊಳಗಿನ ಗಂಡುಮಕ್ಕಳನ್ನು ಹಿಡಿಯುವದು. ಬರುವದೋ ತಾಯಿಯ ಕಡೆಯಿಂದ. ಹೀಗೇಕೆಂಬುದು ನೂರಕ್ಕೂ ಹೆಚ್ಚು ವರುಷಗಳ ತನಕ ಒಗಟಾಗಿಯೇ ಉಳಿಯಿತು.

ಒಗಟು ಬಿಡಿಸಿದ್ದು 1988ರಲ್ಲಿ, ಅಮೇರಿಕದ ಡಗ್ಲಸ್ ವಾಲೇಸರೂ ಅವರ ಸಂಗಡಿಗರೂ. ನಮ್ಮ ದೇಹದ ಜೀವಕೋಶಗಳೊಳಗೆ ಮೈಟೊಕಾಂಡ್ರಿಯಗಳೆಂಬ ಚಿಕ್ಕ ಚಿಕ್ಕ ಒಲೆಗಳಿವೆ. ಕೋಶಕ್ಕೆ ಬೇಕಾದ ಶಕ್ತಿಯು ಅಲ್ಲಿ ಹುಟ್ಟುವದು. ಈ ಒಲೆಗಳಿಗೆ ತಮ್ಮದೇ ಆದ ಒಂದು ಸಣ್ಣ ಡಿಎನ್‌ಎ ಉಂಟು: 37 ಜೀನುಗಳು, 16,569 ಅಕ್ಷರಗಳು. ಮಿಕ್ಕ ಜೀನುಗಳು ತಂದೆತಾಯಿಗಳಿಬ್ಬರಿಂದಲೂ ಬಂದರೆ, ಇವು ತಾಯಿಯ ಅಂಡದೊಂದಿಗೆ ಮಾತ್ರ ಬರುವವು. ಅಲ್ಲಿಯ 11,778ನೆಯ ಸ್ಥಾನದಲ್ಲಿ ಒಂದು ಅಕ್ಷರ ಪಲ್ಲಟವಾದುದೇ ಅನೇಕ ಕುಟುಂಬಗಳಲ್ಲಿ ಕಾರಣವೆಂದು ಅವರು ತೋರಿಸಿಕೊಟ್ಟರು. ಆ ಸ್ಥಾನವೂ, ಮುಂದೆ ತಿಳಿದುಬಂದ 3,460 ಮತ್ತು 14,484 ಎಂಬ ಇನ್ನೆರಡು ಸ್ಥಾನಗಳೂ ಕೂಡಿ ಈ ರೋಗದ ನೂರಕ್ಕೆ ಸುಮಾರು ತೊಂಬತ್ತು ಪಾಲಿಗೆ ಕಾರಣವಾಗಿವೆ. ನಮ್ಮ ದೇಶದ ರೋಗಿಗಳಲ್ಲಿ ಈ ಪಲ್ಲಟಗಳನ್ನು ಹುಡುಕುವ ಸಂಶೋಧನೆಯು ಹೈದರಾಬಾದಿನ ಸಿಸಿಎಂಬಿಯಲ್ಲಿಯೂ ನಡೆದಿದೆ. ಹದಿನಾರು ಸಾವಿರ ಅಕ್ಷರಗಳಲ್ಲಿ ಒಂದೇ ಒಂದು! ನಕಲು ತೆಗೆಯುವ ಹುಡುಗಿಯರಿಗೆ ಕಾಗುಣಿತದ ವಿಷಯವಾಗಿ ನಾವು ಇನ್ನೆಷ್ಟು ಹೇಳಿದರೂ ಇಷ್ಟು ಬಲವಾದ ದೃಷ್ಟಾಂತ ಸಿಗಲಾರದು.

ಆದರೆ ಪಲ್ಲಟವಿದ್ದವರೆಲ್ಲರೂ ಕುರುಡರಾಗುವದಿಲ್ಲ. ಗಂಡಸರಲ್ಲಿ ಅರ್ಧ ಮಂದಿಗೂ ಹೆಂಗಸರಲ್ಲಿ ಹತ್ತರಲ್ಲೊಬ್ಬರಿಗೂ ದೃಷ್ಟಿ ಹೋಗುವದೆಂದು ಹಿಂದೆ ಎಣಿಸುತ್ತಿದ್ದರು. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಕುಟುಂಬಗಳ ಲೆಕ್ಕವು ಅದಕ್ಕಿಂತಲೂ ಕಡಿಮೆಯಾಗಿ, ಗಂಡಸರಲ್ಲಿ ನೂರಕ್ಕೆ ಸುಮಾರು ಹದಿನೆಂಟು, ಹೆಂಗಸರಲ್ಲಿ ಐದು ಎಂದು ತೋರಿಸಿತು. ಬೀಡಿ ಸಿಗರೇಟು ಸೇದುವವರಲ್ಲಿ ಅಪಾಯ ಹೆಚ್ಚು. ಅತಿಯಾದ ಮದ್ಯಪಾನವೂ ಒಳ್ಳೆಯದಲ್ಲ. ಈ ಒಂದು ವಿಷಯದಲ್ಲಾದರೂ ಮನೆಯವರು ಮಾಡಬಹುದಾದದ್ದು ಉಂಟು.

ನೆಂಟರಲ್ಲಿ ಕೆಲವರು ಇದೆಲ್ಲ ಸೋದರಮಾವನಿಗೆ ಹೆಣ್ಣು ಕೊಟ್ಟದ್ದರ ಫಲವೆಂದೂ ಅಂದದ್ದುಂಟು. ಇಲ್ಲಿ ಅದು ನಿಜವಲ್ಲ. ತಂದೆ ಯಾವ ಮನೆಯವನಾದರೂ ಈ ಬೇನೆಗೆ ಭೇದವಿಲ್ಲ. ಹಾಗೆಂದು ರಕ್ತಸಂಬಂಧದ ಮದುವೆಗೆ ನಾವು ಒತ್ತಾಸೆ ಕೊಡುತ್ತಿದ್ದೇವೆಂದು ಯಾರೂ ಎಣಿಸಬಾರದು. ಬೆಂಗಳೂರು ಮೈಸೂರುಗಳಲ್ಲಿ 1980ರ ದಶಕದಲ್ಲಿ ಮಾಡಿದ ಒಂದು ದೊಡ್ಡ ಪರಿಶೀಲನೆಯಲ್ಲಿ ಮೂರರಲ್ಲಿ ಸುಮಾರು ಒಂದು ಮದುವೆಯು ಹತ್ತಿರದ ನೆಂಟರೊಳಗೇ ಆಗಿತ್ತು. ದೃಷ್ಟಿನರವನ್ನು ಕೆಡಿಸುವ ಬೇರೆ ಬೇನೆಗಳೂ ಇವೆ. 1938ರಲ್ಲಿ ವರ್ಣಿತವಾದ ವುಲ್ಫ್ರಮ್ ರೋಗದಲ್ಲಿ ಎಳೆಯ ವಯಸ್ಸಿನಲ್ಲಿಯೇ ಸಕ್ಕರೆ ಕಾಯಿಲೆಯೂ ದೃಷ್ಟಿನಾಶವೂ ಕೂಡಿ ಬರುವವು. ಅದರ ಜೀನು 1998ರಲ್ಲಿ ಸಿಕ್ಕಿತು. ಸಾಮಾನ್ಯವಾಗಿ ತಂದೆತಾಯಿಗಳಿಬ್ಬರೂ ಕೊಟ್ಟರೆ ಮಾತ್ರ ಆ ರೋಗ ಮಗುವಿಗೆ ಬರುವದರಿಂದ ನೆಂಟರ ಮದುವೆಯು ಅಲ್ಲಿ ನಿಜವಾಗಿಯೂ ಕೇಡು. 2000ದಲ್ಲಿ ಪತ್ತೆಯಾದ ಓಪಿಎ-ಒಂದು ಎಂಬ ಜೀನಿನ ದೋಷವಾದರೋ ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಆದುದರಿಂದ ಯಾವ ಮನೆಯಲ್ಲಿ ಯಾವ ಬೇನೆಯೆಂದು ಪರೀಕ್ಷೆಯಾಗದೆ ತೀರ್ಪು ಹೇಳುವದು ತರವಲ್ಲ.

ತಾಯಿಯವರನ್ನು ಕೂರಿಸಿಕೊಂಡು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆವು. ಅವರ ತವರಿನಲ್ಲಿ ಹೀಗೆ ಯಾರಿಗಾದರೂ ಆಗಿತ್ತೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಾಯಿಯ ಅಣ್ಣನು ಪ್ರಾಯದಲ್ಲಿಯೇ ಕಣ್ಣು ಕಳಕೊಂಡಿದ್ದನೆಂದೂ ಅದನ್ನು ದೇವಿಯ ಸಿಟ್ಟೆಂದು ಹೇಳುತ್ತಿದ್ದರೆಂದೂ ತಿಳಿಸಿದರು. ಆ ಮಾತನ್ನು ಆಡಿದ ಮೇಲೆ ಅವರ ಮುಖದಲ್ಲಿದ್ದ ಭೀತಿ ಸ್ವಲ್ಪ ಇಳಿಯಿತು. ಅವರು ಏನೂ ಮಾಡಿರಲಿಲ್ಲ. ಅವರಿಗೂ ಅದು ಬಂದದ್ದೇ ಆಗಿತ್ತು. ಕುರುಡನನ್ನು ಕಂಡು ಪಾಪ ಯಾರದೆಂದು ಕೇಳುವದು ಸುವಾರ್ತೆಯ ಕಾಲಕ್ಕೂ ಇದ್ದ ರೂಢಿಯೇ. ಅಲ್ಲಿ ಕೇಳಿದವರಿಗೆ ದೊರೆತ ಉತ್ತರವು ನಮ್ಮ ವಾಚಕರಿಗೆ ಗೊತ್ತಿದೆ.

ಆದರೆ ಕಠಿಣವಾದ ಪ್ರಶ್ನೆಯು ಹುಡುಗಿಯದು. ತಾಯಿಯಲ್ಲಿ ಎಲ್ಲ ಮೈಟೊಕಾಂಡ್ರಿಯಗಳೂ ಪಲ್ಲಟ ಹೊಂದಿದ್ದರೆ ಮಗಳಲ್ಲಿಯೂ ಅದು ಇದ್ದೇ ಇರುವದು, ಅವಳ ಮಕ್ಕಳಿಗೂ ಹೋಗುವದು. ಅವಳ ಅಣ್ಣನ ಮಕ್ಕಳಿಗೆ ಮಾತ್ರ ಹೋಗುವದಿಲ್ಲ. ಕಣ್ಣು ಹೋದವನ ಸಂತತಿಗೆ ಭಯವಿಲ್ಲ. ಕಣ್ಣು ಕಾಣುವ ತಂಗಿಯ ಸಂತತಿಗೆ ಇದೆ. ಊರಿನಲ್ಲಿ ಆಗಲೇ, ಆ ಮನೆಯ ಹೆಣ್ಣು ತರಬೇಡಿರೆಂಬ ಮಾತು ಎದ್ದಿತ್ತು. ತಂದೆಯು ಸುದ್ದಿ ಹಬ್ಬುವ ಮುಂಚೆ ಶಾಲೆ ಬಿಡಿಸಿ ಮದುವೆ ಮುಗಿಸಬೇಕೆಂದಿದ್ದರು. ಅವಳಿಗೆ ಹದಿನಾಲ್ಕು ವರುಷ. ಕಾಯಿದೆಯೂ ಒಪ್ಪುವದಿಲ್ಲ, ನಾವೂ ಒಪ್ಪುವದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆವು.

ಮುಚ್ಚಿಡುವದು ದಯೆಯೆಂದು ನಮ್ಮ ಕೆಲವು ಸಹೋದ್ಯೋಗಿಗಳ ಅಭಿಪ್ರಾಯವಾಗಿತ್ತು. ನಮ್ಮದು ಹಾಗಲ್ಲ. ಮದುವೆಯ ಚಪ್ಪರದಲ್ಲಿ ಬೇರೆಯವರ ಬಾಯಿಂದ ಕೇಳುವದಕ್ಕಿಂತ ತಾಯಿಯ ಪಕ್ಕದಲ್ಲಿ ಕೂತು ಕೇಳುವದು ಮೇಲು. ತಾಯಿಯೇ ಹೇಳಿದರು, ಅವರು ತಡೆದಲ್ಲಿ ನಾವು ಸೇರಿಸಿದೆವು. ಹುಡುಗಿಯು ಅಳಲಿಲ್ಲ. “ಅಣ್ಣಗ ಮದ್ದೈತೇನ್ರೀ?” ಎಂದಷ್ಟೇ ಕೇಳಿದಳು.

ಇದ್ದದ್ದನ್ನು ಇದ್ದಂತೆಯೇ ಹೇಳಿದೆವು. ಐಡೆಬೆನೋನ್ ಎಂಬ ಗುಳಿಗೆಗೆ ಯುರೋಪಿನಲ್ಲಿ 2015ರಲ್ಲಿ ಅನುಮತಿ ದೊರೆಯಿತು. ಕೆಲವರಿಗೆ ಸ್ವಲ್ಪ ಗುಣ ಕೊಡುವದು. ಸರಿಯಾದ ಜೀನನ್ನು ಕಣ್ಣಿಗೆ ಸೇರಿಸುವ ಪ್ರಯೋಗಗಳೂ ನಡೆದಿವೆ. ಒಂದು ಕಣ್ಣಿಗೆ ಚುಚ್ಚಿದರೆ ಇನ್ನೊಂದು ಕಣ್ಣಿಗೂ ಗುಣ ಕಾಣಿಸಿತೆಂದು 2020ರಲ್ಲಿ ವರದಿಯಾಯಿತು. ಆದರೂ ಅದಿನ್ನೂ ಎಲ್ಲರ ಕೈಗೆ ಎಟಕುವ ಚಿಕಿತ್ಸೆಯಾಗಿಲ್ಲ.

ಹುಡುಗನು ಈಗ ಮಾತಾಡುವ ಮೊಬೈಲಿನಿಂದ ಲೆಕ್ಕಪತ್ರ ಕೇಳಿ ಹೇಳುವದನ್ನು ಕಲಿತಿದ್ದಾನೆ, ಬೀಡಿ ಬಿಟ್ಟಿದ್ದಾನೆ. ತಂಗಿಯು ಹತ್ತನೆಯ ತರಗತಿಯಲ್ಲಿದ್ದಾಳೆ.

ಈ ವರುಷದಿಂದ ನಮ್ಮ ಶಾಲೆಯ ಆರೋಗ್ಯಪಟ್ಟಿಯಲ್ಲಿ, ತಾಯಿಯ ಅಣ್ಣತಮ್ಮಂದಿರಲ್ಲಿ ಅಥವಾ ಅಜ್ಜಿಯ ಅಣ್ಣತಮ್ಮಂದಿರಲ್ಲಿ ಪ್ರಾಯದಲ್ಲಿ ಕಣ್ಣು ಕಳಕೊಂಡವರು ಇದ್ದಾರೆಯೇ ಎಂಬ ಒಂದು ಸಾಲನ್ನು ಸೇರಿಸಿದ್ದೇವೆ. ಅದನ್ನು ತುಂಬಿಸುವಾಗ ತಾಯಂದಿರನ್ನೇ ಕರೆದು ಕೇಳತಕ್ಕದ್ದೆಂದು ಗುಮಾಸ್ತರಿಗೆ ತಿಳಿಸಿದೆ. ಆ ಹೆಸರುಗಳು ತಂದೆಯಂದಿರಿಗೆ ಅನೇಕವೇಳೆ ಗೊತ್ತಿರುವದಿಲ್ಲ.