ರಾಗಿ ಮುದ್ದೆ ತಿನ್ನುವ ಮೀನಿನ ಊರಿಗೆ

ಕಡಲಿಗೆ ಹೋಗಿ ಬೋಟ್‌ನಲ್ಲಿ ಕೂತು ಗಾಳ ಹಾಕಬೇಕು ಅಂತ ನಮ್ಮ ಆಫೀಸ್ ಗ್ಯಾಂಗ್ ಎರಡು ವರ್ಷದಿಂದ ಪ್ಲಾನ್ ಮಾಡುತ್ತಲೇ ಇತ್ತು. ನಾಲ್ವರಿಗೂ ಒಟ್ಟಿಗೆ ರಜೆ ಸಿಗಲಿಲ್ಲ. ಕೊನೆಗೆ ಒಂದು ಶನಿವಾರ ಬೆಳಗ್ಗೆ ಕನಕಪುರ ರಸ್ತೆ ಹಿಡಿದು ಸಂಗಮಕ್ಕೆ ಹೊರಟೆವು. ಒಂದು ಕಾಲಕ್ಕೆ ವಿದೇಶಿಯರು ವಿಮಾನ ಹತ್ತಿ ಗಾಳ ಹಾಕೋಕೆ ಬರ್ತಿದ್ದದ್ದು ಇದೇ ಕಾವೇರಿಗೆ ಅಂದ್ರೆ ನಂಬ್ತೀರಾ?

ಅವರನ್ನು ಎಳೆದು ತಂದದ್ದು ಮಹಶೀರ್ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕೆ.ಜಿ. ಮುಂದೆ ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆ ಕ್ಯಾಂಪ್‌ಗಳು ಶುರುವಾದವು. ಹಿಡಿ, ತೂಕ ಮಾಡು, ಫೋಟೋ ತೆಗಿ, ವಾಪಸ್ ನೀರಿಗೆ ಬಿಡು: ಇಷ್ಟೇ ರೂಲ್ಸ್. ಗಾಳಕ್ಕೆ ಕಟ್ಟುತ್ತಿದ್ದದ್ದು ರಾಗಿ ಹಿಟ್ಟಿನ ಉಂಡೆ. ನಮ್ಮ ಕನಕಪುರದ ಕಡೆಯವರ ಹಾಗೇ ಈ ಮೀನಿಗೂ ಮುದ್ದೆ ಪ್ರೀತಿ!

ಗೆಳೆಯನೊಬ್ಬ ಆನ್‌ಲೈನಲ್ಲಿ ತರಿಸಿದ್ದ ಗಾಳ ಡಿಕ್ಕಿಯಲ್ಲಿತ್ತು. ತೆಪ್ಪ ನಡೆಸುವ ಯಜಮಾನರನ್ನು ಕೇಳಿದೆವು.

"ಅದು ಕಾರಲ್ಲೇ ಇರ್ಲಿ ಬುಡಿ ಸ್ವಾಮಿ. ಇದು ಕಾಡಿನೋರ ಜಾಗ, ಈಗ ಬಿಡಾಕಿಲ್ಲ" ಅಂದರು.

ಅವರು ಹೇಳಿದ್ದು ನಿಜ. ಇದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ. ಇಂಥ ಜಾಗದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂದು ವನ್ಯಜೀವಿ ಕಾಯ್ದೆಯನ್ನು ಅರ್ಥೈಸಿ, 2010ರ ಸುಮಾರಿಗೆ ಅದನ್ನು ನಿಲ್ಲಿಸಲಾಯಿತು. ಇದರ ಬಗ್ಗೆ ಇವತ್ತಿಗೂ ವಾದ ಇದೆ. ಹಿಂದೆ ಸಿಡಿಮದ್ದು ಹಾಕಿ ಮೀನು ಹೊಡೆಯುತ್ತಿದ್ದ ಕೆಲವರೇ ಕ್ಯಾಂಪ್‌ಗಳಲ್ಲಿ ಗೈಡ್ ಆಗಿ ಹೊಳೆ ಕಾಯುತ್ತಿದ್ದರು, ಆ ಕಣ್ಣುಗಳು ಹೋದವು ಅನ್ನುವವರಿದ್ದಾರೆ. ಬಾಯಿಗೆ ಕೊಕ್ಕೆ ಸಿಕ್ಕಿಸಿ ಬಿಡುವುದು ಎಂಥ ರಕ್ಷಣೆ ಅನ್ನುವವರೂ ಇದ್ದಾರೆ.

ಈ ನಡುವೆ ಕಾವೇರಿಯದೇ ಆದ, ಬೆನ್ನು ಗೂನಾದ ಮಹಶೀರ್ 2018ರಲ್ಲಿ 'ಅಳಿವಿನ ತೀರಾ ಅಂಚಿನಲ್ಲಿರುವ' ಜೀವಿಗಳ ಪಟ್ಟಿ ಸೇರಿತು. ಒಳ್ಳೆಯದಾಗಲಿ ಎಂದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಈಗ ಅದರ ಜಾಗ ತುಂಬಿಕೊಂಡಿದೆ.

ತೆಪ್ಪದಲ್ಲಿ ಹೊಳೆ ದಾಟಿ, ಆ ದಡದ ಹಳೇ ಬಸ್ಸಿನಲ್ಲಿ ಕುಲುಕಾಡುತ್ತಾ ಮೇಕೆದಾಟಿಗೆ ಹೋದೆವು. ಅಗಲವಾಗಿದ್ದ ಕಾವೇರಿ ಇಲ್ಲಿ ಬಂಡೆಗಳ ನಡುವೆ ಕಿರಿದಾಗಿ ನುಗ್ಗುತ್ತದೆ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಸಂಗಮ. ನಂದಿ ಬೆಟ್ಟದಲ್ಲಿ ಹುಟ್ಟಿ ರಾಮನಗರ, ಕನಕಪುರ ದಾಟಿ ಬರುವ ಅರ್ಕಾವತಿಗೆ ದಾರಿಯಲ್ಲಿ ವೃಷಭಾವತಿ ಸೇರುತ್ತದೆ, ಅಂದರೆ ಬೆಂಗಳೂರಿನ ಕೊಳಚೆ. ನಾವು ಕುಡಿಯುವುದು ಕಾವೇರಿ ನೀರು, ಅದಕ್ಕೆ ವಾಪಸ್ ಕಳಿಸುವುದು ಇದು. ಮಹಶೀರ್‌ಗೆ ಬೇಕಾದದ್ದು ಹರಿಯುವ, ಶುದ್ಧವಾದ ನೀರು. ಗಾಳ ನಿಲ್ಲಿಸಿದಷ್ಟು ಸುಲಭವಾಗಿ ಕೊಳಚೆ ನಿಲ್ಲಿಸಲು ಆಗಿಲ್ಲ.

ನೀವು ಹೋಗುವುದಾದರೆ ಮಳೆಗಾಲ ಬೇಡ, ನೀರು ಏರಿದರೆ ತೆಪ್ಪ ನಿಲ್ಲಿಸುತ್ತಾರೆ. ಸುಳಿಗಳಿವೆ, ಈಜಲು ಇಳಿಯಲೇಬೇಡಿ. ಗಾಳದ ಬದಲು ದುರ್ಬೀನು ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಬಾಟಲಿ ವಾಪಸ್ ತನ್ನಿ, ಆ ಹೊಳೆಗೆ ನಾವು ಕಳಿಸಿರುವುದೇ ಸಾಕಷ್ಟಿದೆ.