ಗಾಳಿ ಎಳೆಯುತ್ತಿದ್ದ ಪಂಪು

ಅಕ್ಕಿ ತೊಳೆಯೋಣವೆಂದು ಸಿಂಕಿನ ನಲ್ಲಿ ತಿರುಗಿಸಿದೆ. ಸೀಟಿನ ಕೆಳಗೆ ಪಂಪು ಗುರ್ರೆಂದು ಶುರುವಾಯಿತು. ನಲ್ಲಿ ಎರಡು ಸಲ ಕೆಮ್ಮಿ ಒಂದು ಎಳೆ ನೀರು ಬಿಟ್ಟಿತು, ಆಮೇಲೆ ಬರೀ ಗಾಳಿ. ಪಂಪು ಮಾತ್ರ ನಿಲ್ಲಲಿಲ್ಲ. ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಬಾಗಿಲಿಗೆ ಬಂದು ತಲೆ ಓರೆ ಮಾಡಿ ಆಲಿಸಿದರು.

"ಮೋಟ್ರು ತಿರುಗ್ತಾ ಐತೆ, ನೀರು ಎತ್ತುತಾ ಇಲ್ಲ. ಗಾಳಿ ಎಳೀತೈತೆ ಕಣವ್ವ. ಆಫ್ ಮಾಡು, ಆಫ್ ಮಾಡು."

ಯೂಟಾ ರಾಜ್ಯದ ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನದೊಳಗಿನ ಫ್ರೂಟಾ ಎಂಬ ಜಾಗ. ಡೆನ್ವರಿನಿಂದ ನಾವು ಹೊರಟು ಎರಡು ದಿನವಾಗಿತ್ತು. ಮಗನ ಶಾಲೆಗೆ ಅಕ್ಟೋಬರಿನ ಸಣ್ಣ ರಜೆ, ನನ್ನವರಿಗೆ ಆಫೀಸು, ತಿಪಟೂರು ಕಡೆಯ ಹಳ್ಳಿಯಿಂದ ಬಂದಿದ್ದ ಅಪ್ಪನಿಗೆ ಮನೆಯೊಳಗೆ ಕೂತು ಕೂತು ಬೇಸರ. ಎರಡು ವರ್ಷದ ಹಿಂದೆ ಯಾರದೋ ಕೈಯಿಂದ ಕೊಂಡ ಹಳೆಯ ಆರ್‌ವಿ ನಮ್ಮದು. ಅಪ್ಪ ಅದನ್ನು 'ಮನೆಗಾಡಿ' ಅನ್ನುತ್ತಾರೆ. ಒಲೆ, ಹಾಸಿಗೆ, ಕಕ್ಕಸು, ನೂರೈವತ್ತು ಲೀಟರಿನ ನೀರಿನ ಟ್ಯಾಂಕು ಎಲ್ಲವೂ ಬೆನ್ನ ಮೇಲಿರುವ ಗಾಡಿಗೆ ಬೇರೆ ಹೆಸರು ಬೇಕಿಲ್ಲ.

ಡೆನ್ವರ್ ಬಿಟ್ಟ ಬೆಳಿಗ್ಗೆ ಐಸೆನ್‌ಹೋವರ್ ಸುರಂಗ ದಾಟಿದೆವು. ಹನ್ನೊಂದು ಸಾವಿರ ಅಡಿಗೂ ಮೇಲೆ, ಬೆಟ್ಟದ ಹೊಟ್ಟೆಯೊಳಗೆ ಒಂದೂ ಮುಕ್ಕಾಲು ಮೈಲಿಯ ಹತ್ತಿರ ಹೋಗುವ ದಾರಿ. ಅದರಾಚೆಗೆ ರಸ್ತೆ ಇಳಿಯುತ್ತದೆ, ಮತ್ತೊಮ್ಮೆ ಹತ್ತಿ ಇಳಿಯುತ್ತದೆ. ಗ್ಲೆನ್‌ವುಡ್ ಕಣಿವೆಯಲ್ಲಿ ಕೊಲರಾಡೊ ನದಿ ರಸ್ತೆಯ ಜೊತೆಜೊತೆಗೇ. ಗ್ರ್ಯಾಂಡ್ ಜಂಕ್ಷನ್ ದಾಟಿದ ಮೇಲೆ ಹಸಿರು ಕಳಚಿಬಿದ್ದು ನೆಲ ಬೂದಿಯಾಯಿತು. ಆ ರಾತ್ರಿ ಗ್ರೀನ್ ರಿವರ್ ಎಂಬ ಪುಟ್ಟ ಊರಲ್ಲಿ ತಂಗಿದೆವು. ಕಲ್ಲಂಗಡಿಗೆ ಹೆಸರಾದ ಊರು. ಜಾನ್ ವೆಸ್ಲಿ ಪೊವೆಲ್‌ನ ಹೆಸರಿನ ನದಿ ಸಂಗ್ರಹಾಲಯ ಅಲ್ಲಿದೆ. ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದ ಆ ಮನುಷ್ಯ 1869ರಲ್ಲಿ ದೋಣಿಗಳನ್ನು ಕಟ್ಟಿಕೊಂಡು ಊರಿಗೆ ಹೆಸರು ಕೊಟ್ಟ ಗ್ರೀನ್ ನದಿಯಲ್ಲಿ ಇಳಿದು ಗ್ರ್ಯಾಂಡ್ ಕ್ಯಾನ್ಯನ್ ದಾಟಿದ. 1878ರಲ್ಲಿ ಸರ್ಕಾರಕ್ಕೆ ಒಂದು ವರದಿ ಬರೆದು, ಈ ಒಣನಾಡಿನಲ್ಲಿ ನೀರುಣಿಸಲು ಆಗುವ ನೆಲ ಸ್ವಲ್ಪವೇ, ನೀರಿನ ಲೆಕ್ಕ ನೋಡಿ ಜನರನ್ನು ನೆಲೆಗೊಳಿಸಬೇಕು ಎಂದ. ನಾನು ಇದನ್ನು ಹೇಳಿದಾಗ ಅಪ್ಪ, "ನಮ್ಮ ಕಡೇನೂ ಯಾರಾದ್ರೂ ಹಿಂಗೆ ಬರೆದಿದ್ರೆ ಎಲ್ಲಾರೂ ಬೋರು ಕೊರೀತಿರಲಿಲ್ಲ," ಅಂದರು. ನಮ್ಮ ತೋಟದಲ್ಲೇ ಒಣಗಿದ ಬೋರುಗಳು ನಾಲ್ಕಿವೆ.

ಗ್ರೀನ್ ರಿವರಿನಲ್ಲಿ ನಾವು ತಂಗಿದ್ದು ಹುಕಪ್ ಇರುವ ಜಾಗದಲ್ಲಿ. ಅಂದರೆ ಊರಿನ ನಲ್ಲಿಗೆ ಹೋಸ್ ಸಿಕ್ಕಿಸಿದರೆ ಅಲ್ಲಿನ ಒತ್ತಡದಲ್ಲೇ ಗಾಡಿಯೊಳಗೆ ನೀರು ಬರುತ್ತದೆ. ಟ್ಯಾಂಕೂ ಬೇಡ, ಪಂಪೂ ಬೇಡ. ಆ ಬೇಸಿಗೆ ಪೂರ್ತಿ ನಾವು ಇಂಥ ಜಾಗಗಳಲ್ಲೇ ತಂಗಿದ್ದೆವು. ಆದ್ದರಿಂದ ಪಂಪಿಗೆ ಪೆಟ್ಟಾಗಿದೆಯೆಂಬುದು ಗೊತ್ತಾಗಲು ಹುಕಪ್ ಇಲ್ಲದ ಫ್ರೂಟಾಕ್ಕೇ ಬರಬೇಕಾಯಿತು.

ಗ್ರೀನ್ ರಿವರಿನಿಂದ ಫ್ರೂಟಾಕ್ಕೆ ನೂರು ಮೈಲಿಯ ಹತ್ತಿರ. ನಡುವೆ ಊರೆಂದು ಕರೆಯಬಹುದಾದದ್ದು ಹ್ಯಾಂಕ್ಸ್‌ವಿಲ್ ಒಂದೇ. ಅಲ್ಲಿ ಬಂಡೆಯನ್ನು ಕೊರೆದು ಅದರೊಳಗೆ ಪೆಟ್ರೋಲ್ ಬಂಕಿನ ಅಂಗಡಿ ಮಾಡಿದ್ದಾರೆ. ಅದನ್ನು ದಾಟಿದರೆ ಹುಲ್ಲುಕಡ್ಡಿಯೂ ಇಲ್ಲದ ಬೂದು ದಿಬ್ಬಗಳು, ಅವುಗಳ ನಡುವೆ ಒಂಟಿಯಾಗಿ ನಿಂತ ಫ್ಯಾಕ್ಟರಿ ಬ್ಯೂಟ್. ಬಹಳ ಜನ ಇಲ್ಲಿ ವೇಗ ಹೆಚ್ಚಿಸಿಕೊಂಡು ಹೋಗಿಬಿಡುತ್ತಾರೆ. ನಿಲ್ಲಿಸಿ ಇಳಿಯಬೇಕು ಅನ್ನುತ್ತೇನೆ ನಾನು. ನೀರಿಲ್ಲದ ನೆಲ ಹೇಗಿರುತ್ತದೆಂದು ಕಾಲಿನಿಂದ ತಿಳಿದುಕೊಂಡ ಮೇಲೆಯೇ ಫ್ರೂಟಾದ ಹಸಿರು ಕಣ್ಣಿಗೆ ಸರಿಯಾಗಿ ಕಾಣುವುದು. ಕೆಂಪು ಬಂಡೆಗೋಡೆಗಳ ಬುಡದಲ್ಲಿ, ಫ್ರೀಮಾಂಟ್ ನದಿಯ ದಂಡೆಗೆ, ಒಮ್ಮೆಲೇ ಸೇಬು, ಪೇರು, ಪೀಚ್ ಹಣ್ಣಿನ ತೋಟಗಳು.

ಪಂಪಿನ ವಿಷಯಕ್ಕೆ ಬರುತ್ತೇನೆ. ಊಟದ ಮೇಜಿನ ಪಕ್ಕದ ಸೀಟು ಎತ್ತಿದರೆ ಒಂದು ಕಡೆ ಟ್ಯಾಂಕು, ಅದರ ಮಗ್ಗುಲಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಪಂಪು. ಟ್ಯಾಂಕಿನಿಂದ ಬರುವ ಹೋಸಿಗೂ ಪಂಪಿಗೂ ನಡುವೆ ಪಾರದರ್ಶಕ ಬಟ್ಟಲಿನ ಒಂದು ಜಾಲರಿ. ಅಪ್ಪ ಕನ್ನಡಕ ಏರಿಸಿ ಅದರತ್ತ ಬಗ್ಗಿದರು. "ಫುಟ್‌ವಾಲ್ವಿನ ಜಾಲರಿ ಇದ್ದಂಗೆ. ಇಲ್ಲೇ ಗಾಳಿ ಎಳೀತಾ ಇರಬಹುದು, ಬಿಚ್ಚು." ಬಿಚ್ಚಿ, ರಬ್ಬರ್ ಉಂಗುರ ಒರೆಸಿ, ಮತ್ತೆ ತಿರುಗಿಸಿ ಕೂರಿಸಿದೆ. ಸ್ವಿಚ್ ಹಾಕಿದರೆ ಅದೇ ಗುರ್ರು, ಅದೇ ಗಾಳಿ. ಆಗ ಅಪ್ಪ ಪಂಪಿನ ತಲೆಯ ಸುತ್ತ ಬೆರಳಾಡಿಸಿದರು. ಬೆರಳು ಒದ್ದೆಯಾಯಿತು. ಟಾರ್ಚು ಬಿಟ್ಟು ನೋಡಿದರೆ ಪ್ಲಾಸ್ಟಿಕ್ಕಿನ ಮೇಲೆ ಕೂದಲೆಳೆಯಷ್ಟು ಬಿರುಕು.

ತಪ್ಪು ನನ್ನದೇ. ಹಿಂದಿನ ಚಳಿಗಾಲಕ್ಕೆ ಮುಂಚೆ ಟ್ಯಾಂಕು ಖಾಲಿ ಮಾಡಿದ್ದೆ, ಪೈಪುಗಳನ್ನೂ ಬರಿದು ಮಾಡಿದ್ದೆ. ಪಂಪಿನ ಹೊಟ್ಟೆಯಲ್ಲಿ ಉಳಿದ ಬೊಗಸೆ ನೀರನ್ನು ಮರೆತಿದ್ದೆ. ಖಾಲಿ ಮಾಡಿದ ಮೇಲೂ ಪಂಪನ್ನು ಸ್ವಲ್ಪ ಹೊತ್ತು ಓಡಿಸಿ ಒಣಗಿಸಬೇಕು. ಇಲ್ಲವೇ ಆರ್‌ವಿಗಳಿಗೆಂದೇ ಸಿಗುವ ಗುಲಾಬಿ ಬಣ್ಣದ ಆಂಟಿಫ್ರೀಜನ್ನು ಪಂಪಿನಿಂದಲೇ ಎಳೆಸಿ ಪ್ರತಿ ನಲ್ಲಿಯಲ್ಲೂ ಅದು ಬರುವ ತನಕ ಬಿಡಬೇಕು. ನೀರು ಗಡ್ಡೆ ಕಟ್ಟುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಡೆನ್ವರಿನ ಚಳಿಯಲ್ಲಿ ಬೊಗಸೆ ನೀರು ಸಾಕು, ಪಂಪು ಸೀಳಲು.

ಆ ರಾತ್ರಿ ನೀರು ಹೊತ್ತೆವು. ಕ್ಯಾಂಪ್‌ಗ್ರೌಂಡಿನ ನಲ್ಲಿಯಿಂದ ಮಗ ಒಂದು ಪಾತ್ರೆ, ಅಪ್ಪ ಒಂದು ಬಕೆಟ್ಟು. ಪಕ್ಕದ ಟ್ಯಾಂಕಿನಲ್ಲಿ ನೂರೈವತ್ತು ಲೀಟರು ನೀರು ಸುಮ್ಮನೆ ನಿಂತಿತ್ತು. ಬಾವಿ ತುಂಬಿದ್ದರೂ ಕರೆಂಟು ಬರುವ ತನಕ ತೆಂಗಿನ ಗಿಡಗಳ ಮುಖ ನೋಡುತ್ತ ಕೂರುತ್ತಿದ್ದ ದಿನಗಳನ್ನು ಅಪ್ಪ ನೆನೆದರು. ತ್ರೀ ಫೇಸ್ ಕರೆಂಟು ರಾತ್ರಿ ಹನ್ನೊಂದಕ್ಕೋ ಎರಡಕ್ಕೋ ಬರುತ್ತಿದ್ದ ಕಾಲ. ಅವರು ಪಂಪ್‌ಹೌಸಿನಲ್ಲೇ ಮಲಗುತ್ತಿದ್ದರು. ನಿದ್ದೆಯಲ್ಲೂ ಅವರ ಕಿವಿ ಸ್ಟಾರ್ಟರಿನ ಮೇಲೆ ಇರುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಮೊಮ್ಮಗನ ಜೊತೆ ತೋಟದೊಳಗಿದ್ದರು. 1880ರ ಆಸುಪಾಸಿನಲ್ಲಿ ಬಂದು ನೆಲೆಸಿದ ಮಾರ್ಮನ್ ಕುಟುಂಬಗಳು ನೆಟ್ಟು ಬೆಳೆಸಿದ ತೋಟಗಳ ಮುಂದುವರಿಕೆ ಇವು. ಒಂದೇ ಕಾಲಕ್ಕೆ ಹತ್ತು ಮನೆಗಿಂತ ಹೆಚ್ಚು ಇಲ್ಲಿ ಇರಲೇ ಇಲ್ಲವಂತೆ. 1896ರಲ್ಲಿ ಅವರು ಕಟ್ಟಿಕೊಂಡ ಒಂದೇ ಕೋಣೆಯ ಮರದ ಶಾಲೆ ಇನ್ನೂ ನಿಂತಿದೆ. ಊರು ಖಾಲಿಯಾದ ಮೇಲೆ ತೋಟವನ್ನು ಉದ್ಯಾನದವರೇ ನೋಡಿಕೊಳ್ಳುತ್ತಿದ್ದಾರೆ. ಹಣ್ಣಿನ ಕಾಲದಲ್ಲಿ, ತೆರೆದ ತೋಟದೊಳಗೆ ಹೋಗಿ ಯಾರು ಬೇಕಾದರೂ ಕಿತ್ತು ತಿನ್ನಬಹುದು, ಮನೆಗೆ ಒಯ್ಯುವುದಕ್ಕೆ ಮಾತ್ರ ದುಡ್ಡು. ಅಪ್ಪ ನೋಡುತ್ತಿದ್ದದ್ದು ಸೇಬನ್ನಲ್ಲ, ಮರದ ಸಾಲುಗಳ ನಡುವಿನ ಕಾಲುವೆಯನ್ನು. ನದಿಯ ಮೇಲುಗಡೆಯಿಂದ ತಿರುಗಿಸಿಕೊಂಡ ನೀರು ಇಳಿಜಾರಿನಲ್ಲಿ ತಾನಾಗಿ ಬಂದು ಬುಡಕ್ಕೆ ಹಾಯುತ್ತದೆ. ಇವತ್ತಿಗೂ ಹಾಗೇ ಹಾಯಿಸುತ್ತಾರೆ.

"ಪಂಪೇ ಇಲ್ಲ ನೋಡು ಮರಿ," ಎಂದು ಮೊಮ್ಮಗನಿಗೆ ತೋರಿಸಿದರು. "ಮಟ್ಟ ನೋಡಿ ಕಾಲುವೆ ತೆಗೆದವ್ರೆ. ಭಾಳ ತಿಳಿದೋರು."

ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಇಲ್ಲಿ ಭೂಮಿಯ ಪದರಗಳು ನೂರು ಮೈಲಿಯ ಹತ್ತಿರ ಮಡಿಚಿಕೊಂಡು ಎದ್ದಿವೆ. ಆ ಮಡಿಕೆಗೆ ವಾಟರ್‌ಪಾಕೆಟ್ ಫೋಲ್ಡ್ ಎಂಬ ಹೆಸರು ಬಂದದ್ದು ಮರಳುಗಲ್ಲು ಸವೆದು ಆದ, ಮಳೆನೀರು ನಿಲ್ಲುವ ಕುಳಿಗಳಿಂದ. ಈ ಹೆಸರನ್ನು ಅಪ್ಪನಿಗೆ ಹೇಗೆ ತಿಳಿಸುವುದೆಂದು ಯೋಚಿಸುತ್ತಿದ್ದೆ. ಅವರು ಗೋಡೆಯ ಮೇಲಿನ ಚಿತ್ರ ನೋಡಿ, "ದೊಣೆ" ಅಂದರು. ಹೌದಲ್ಲ! ಸಿದ್ಧರಬೆಟ್ಟದಲ್ಲಿ, ಚಿತ್ರದುರ್ಗದ ಕೋಟೆಯಲ್ಲಿ ಕಂಡ ದೊಣೆಗಳೇ. ಇಷ್ಟು ಒಳ್ಳೆಯ ಮಾತು ನಮ್ಮಲ್ಲಿದ್ದೂ ನನ್ನ ನಾಲಿಗೆಗೆ ಬಾರದೆ ಹೋಗಿದ್ದಕ್ಕೆ ಬೇಸರವಾಯಿತು.

ಹೊಸ ಪಂಪು ಹತ್ತಿರದಲ್ಲಿ ಸಿಗುವಂತಿರಲಿಲ್ಲ. ಫೋನು ಮಾಡಿ ವಿಚಾರಿಸಿದೆ. ಪಶ್ಚಿಮಕ್ಕೆ ಒಂದೂವರೆ ಗಂಟೆ ದೂರದ ರಿಚ್‌ಫೀಲ್ಡಿನಲ್ಲಿ ಒಂದು ಇದೆ ಅಂದರು. ಕ್ಯಾಂಪಿನ ನಮ್ಮ ಜಾಗದಲ್ಲಿ ಕುರ್ಚಿಗಳನ್ನು ಬಿಟ್ಟು ಮನೆಯನ್ನೇ ಓಡಿಸಿಕೊಂಡು ಹೋದೆವು. ಅಂಗಡಿಯವರು ಕೇಳಿದ್ದು ಮೂರೇ: ಎಷ್ಟು ವೋಲ್ಟು, ನಿಮಿಷಕ್ಕೆ ಎಷ್ಟು ಗ್ಯಾಲನ್, ಪೈಪಿನ ಅಳತೆ ಎಷ್ಟು. ಹಳೆಯದರ ಮೇಲಿನ ಚೀಟಿಯ ಫೋಟೋ ತೆಗೆದುಕೊಂಡಿದ್ದೆ: ಹನ್ನೆರಡು ವೋಲ್ಟು, ಮೂರು ಗ್ಯಾಲನ್, ಅರ್ಧ ಇಂಚು. ಒತ್ತಡ 55 ಪಿಎಸ್‌ಐ ಮುಟ್ಟಿದಾಗ ತಾನೇ ನಿಲ್ಲುವ ಸ್ವಿಚ್ಚು. "ಎಷ್ಟು ಅಡಿ ಎತ್ತುತ್ತೆ ಕೇಳು," ಅಂದರು ಅಪ್ಪ. ಲೆಕ್ಕ ಹಾಕಿ ಹೇಳಿದೆ, ಆ ಒತ್ತಡ 120 ಅಡಿಗೂ ಮೇಲೆ ನಿಂತ ನೀರಿನ ಭಾರಕ್ಕೆ ಸಮ. ಅಪ್ಪ ಪಂಪನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟೇ ಇಷ್ಟು!" ಅಂದರು.

ಬರುವಾಗ ಫಿಶ್ ಲೇಕಿನ ಕವಲಿಗೆ ಗಾಡಿ ತಿರುಗಿಸಿದೆ, ಪ್ಯಾಂಡೋ ನೋಡಲು. ರಸ್ತೆಯ ಎರಡೂ ಕಡೆ ಬಿಳಿ ಕಾಂಡದ ಆಸ್ಪೆನ್ ಮರಗಳು, ಎಲೆ ಅರ್ಧ ಉದುರಿ ಇನ್ನರ್ಧ ಹಳದಿ. ನೋಡಿದರೆ ಕಾಡು. ಆದರೆ 106 ಎಕರೆಯಲ್ಲಿ ನಿಂತ ಆ ನಲವತ್ತೇಳು ಸಾವಿರದಷ್ಟು ಕಾಂಡಗಳೂ ಒಂದೇ ಬೇರಿನಿಂದ ಎದ್ದವು, ಎಲ್ಲವೂ ಸೇರಿ ಒಂದೇ ಜೀವ. ಅಪ್ಪ ಇಳಿದು ಒಂದು ಕಾಂಡದ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತರು. ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಫ್ರೂಟಾ ಸೇರುವಾಗ ಬಿಸಿಲು ಬಂಡೆಯ ತುದಿಗೆ ಹತ್ತಿತ್ತು. ಫ್ಯೂಸ್ ಕಿತ್ತೆ. ನಲ್ಲಿ ತೆರೆದು ಪೈಪಿನ ಒತ್ತಡ ಇಳಿಸಿದೆ. ಹೋಸು ಬಿಚ್ಚಲು ಕೈ ಹಾಕಿದಾಗ ಅಪ್ಪ ತಡೆದರು. "ಟ್ಯಾಂಕಿನ ನೀರು ಪಂಪಿಗಿಂತ ಮೇಲೈತೋ ಕೆಳಗೈತೋ?" ಮೇಲೇ ಇತ್ತು. ಬಿಚ್ಚಿದ್ದರೆ ಟ್ಯಾಂಕಿನ ನೀರೆಲ್ಲ ಗಾಡಿಯೊಳಗೆ ಹರಿಯುತ್ತಿತ್ತು. ಹನಿ ನೀರಾವರಿಯ ಪೈಪಿನ ತುದಿಯನ್ನು ಮಡಿಚಿ ಕಟ್ಟುವ ಹಾಗೆ ಅವರು ಆ ಮೆದು ಹೋಸನ್ನು ಮಡಿಚಿ ದಾರ ಬಿಗಿದರು. ಆಮೇಲೆ ಬಿಚ್ಚಿದೆ. ಬಿದ್ದದ್ದು ಒಂದು ಲೋಟ ನೀರು.

ಹೊಸದನ್ನು ಕೂರಿಸುವ ಮೊದಲು ಅಪ್ಪ ಅದರ ಬಾಯಿಗೆ ನೀರು ಹುಯ್ಯಬೇಕು ಅಂದರು. ಊರಿನ ಪಂಪ್‌ಸೆಟ್ಟಿಗೆ ಹಾಗೆ ಮಾಡದಿದ್ದರೆ ಅದು ಎತ್ತುವುದಿಲ್ಲ. ಒಳಗೆ ತಿರುಗುವ ಚಕ್ರಕ್ಕೆ ಗಾಳಿ ಎಳೆಯುವ ಶಕ್ತಿ ಇಲ್ಲ. ಇದು ಬೇರೆ ಜಾತಿ. ಬಿರುಕುಬಿಟ್ಟ ಹಳೆಯದರ ತಲೆ ಬಿಚ್ಚಿ ಹೊರಗಿನ ಮರದ ಮೇಜಿನ ಮೇಲಿಟ್ಟೆ. ರಬ್ಬರಿನ ಪೊರೆ, ಅದರ ಮೇಲೆ ಪುಟ್ಟ ಕವಾಟಗಳು. ಮೋಟರು ಪೊರೆಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತದೆ. ಅಪ್ಪ ಹೆಬ್ಬೆರಳಿಂದ ಒಂದು ಸಲ ಅದುಮಿದರು. "ಓ! ಕುಲುಮೆ ತಿದಿ!" ಅಷ್ಟೇ, ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ಬಳಿಯೂ ಇರಲಿಲ್ಲ. ಗಾಳಿಯನ್ನೂ ಎಳೆಯುವ ತಿದಿಯಾದ್ದರಿಂದ ನೀರನ್ನು ತಾನೇ ಎಳೆದುಕೊಳ್ಳುತ್ತದೆ.

ನಾಲ್ಕು ತಿರುಪು. ತೀರಾ ಬಿಗಿ ಮಾಡಬಾರದು, ಅಡಿಯ ರಬ್ಬರ್ ಕಾಲುಗಳು ಹಿಸುಕಿಹೋದರೆ ಅದುರು ನೆಲಕ್ಕೆ ಇಳಿದು ಗಾಡಿಯೆಲ್ಲ ಸದ್ದು. ಬಾಣದ ಗುರುತು ನೋಡಿ ಜಾಲರಿಯನ್ನು ನೀರು ಬರುವ ಕಡೆಗೆ ಹಾಕಿದೆ. ಟೆಫ್ಲಾನ್ ಟೇಪು ಸುತ್ತೋಣ ಅಂದರು ಅಪ್ಪ. ಬೇಡವೆಂದು ಕಾಗದದಲ್ಲಿ ಬರೆದಿತ್ತು. ಪ್ಲಾಸ್ಟಿಕ್ ಮರೆಗಳು, ನೀರು ತಡೆಯುವ ಕೆಲಸ ಒಳಗಿನ ವಾಷರಿನದು, ಕೈಯಲ್ಲಿ ತಿರುಗಿಸಿದಷ್ಟೇ ಬಿಗಿ ಸಾಕು. ಕೆಂಪು ತಂತಿಗೆ ಕೆಂಪು, ಕಪ್ಪಿಗೆ ಕಪ್ಪು. ಫ್ಯೂಸ್ ಹಾಕಿ, ದಾರ ಬಿಚ್ಚಿ, ಮಗನಿಗೆ ಹೇಳಿದೆ, ಸ್ವಿಚ್ ಹಾಕು.

ಗುರ್ರೆಂದಿತು. ನಲ್ಲಿ ಕೆಮ್ಮಿತು, ಉಗುಳಿತು, ಮತ್ತೆ ಕೆಮ್ಮಿತು. ಸದ್ದು ಇದ್ದಕ್ಕಿದ್ದಂತೆ ದಪ್ಪಗಾಯಿತು. "ಹಿಡೀತು! ಹಿಡೀತು!" ಎಂದು ಅಪ್ಪ ಕೂಗಿದ ಮೇಲೆ ನೀರು ಬಂತು. ನಮಗಿಂತ ಮುಂಚೆ ಅವರ ಕಿವಿಗೆ ತಿಳಿದಿತ್ತು. ಆ ರಾತ್ರಿ ಬಿಸಿ ಅನ್ನ, ಹುಣಸೆ ಗೊಜ್ಜು, ಮರದಿಂದ ಕಿತ್ತ ಸೇಬು.

ಮಲಗಿದ ಮೇಲೆ ಕೇಳಿತು, ಗುರ್. ಒಂದೇ ಕ್ಷಣ. ಎಲ್ಲ ನಲ್ಲಿಗಳೂ ಮುಚ್ಚಿದ್ದವು. ಮೂರು ನಿಮಿಷ ಬಿಟ್ಟು ಮತ್ತೊಮ್ಮೆ, ಗುರ್.

"ಎಲ್ಲೋ ಸೋರ್ತೈತೆ," ಕತ್ತಲಲ್ಲಿ ಅಪ್ಪನ ದನಿ.

ಎದ್ದು ಸೀಟು ಎತ್ತಿದೆ. ಹೊರಹೋಗುವ ಕಡೆಯ ತಿರುಪಿನಲ್ಲಿ ಹನಿ ಕಟ್ಟಿ, ತೂಗಿ, ಬೀಳುತ್ತಿತ್ತು. ಒತ್ತಡ ಇಳಿದಾಗಲೆಲ್ಲ ಪಂಪು ಎದ್ದು ತುಂಬಿಸುತ್ತಿತ್ತು. ಬಿಚ್ಚಿ ನೋಡಿದರೆ ಹೋಸಿನೊಳಗೆ ಇರಬೇಕಾದ ವಾಷರೇ ಇಲ್ಲ. ಅಪ್ಪ ಶಾಲು ಹೊದ್ದು ಟಾರ್ಚು ಹಿಡಿದು ಹೊರಗೆ ಹೋದರು, ನಾನೂ ಹಿಂದೆಯೇ ಹೋದೆ. ಚಳಿ ಮೂಳೆಗೆ ಇಳಿಯುವಂತಿತ್ತು. ದೀಪಗಳ ಬೆಳಕು ಬೀಳದಂತೆ ಕಾಪಾಡಿಕೊಂಡ ಆಕಾಶ ಅಲ್ಲಿನದು. ಬಂಡೆಗೋಡೆಯ ಅಂಚಿನಿಂದ ಅಂಚಿಗೆ ನಕ್ಷತ್ರಗಳು ಕಿಕ್ಕಿರಿದಿದ್ದವು. ಅಪ್ಪ ಒಮ್ಮೆ ಮೇಲೆ ನೋಡಿದರು, ಮತ್ತೆ ಮೇಜಿನ ಮೇಲಿದ್ದ ಹಳೆಯ ಪಂಪಿನ ಬಾಯಿಗೆ ಟಾರ್ಚು ಬಿಟ್ಟರು. ವಾಷರು ಅಲ್ಲೇ ಅಂಟಿಕೊಂಡು ಕೂತಿತ್ತು. ಉಗುರಿನಿಂದ ಎಬ್ಬಿಸಿ, ಪಂಚೆಯ ಅಂಚಿಗೆ ಒರೆಸಿ ನನ್ನ ಕೈಗೆ ಕೊಟ್ಟರು.

ಹಾಕಿ, ತಿರುಗಿಸಿ, ಸ್ವಿಚ್ ಒತ್ತಿದೆ. ಪಂಪು ತುಂಬಿಸಿಕೊಂಡು ನಿಂತಿತು. ದೀಪ ಆರಿಸಿ ಮಲಗಿದೆವು. ಮೂರು ನಿಮಿಷ ಆಯಿತು, ಐದಾಯಿತು. ಮಗನ ಉಸಿರು, ದೂರದಲ್ಲಿ ನದಿ. ಅಪ್ಪ ಇನ್ನೂ ಎಚ್ಚರವಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ಅವರು ಗೋಡೆಯ ಕಡೆಗೆ ಮಗ್ಗುಲಾಗಿ ರಗ್ಗು ಎಳೆದುಕೊಂಡರು.